ಕೆಸರಿಲ್ಲದ ಸೈಕಲ್

ಸೈಕಲ್ ರಿಪೇರಿ ಕೆಲಸಕ್ಕೆ ಸೇರಬೇಕು ಅಂತ ಈಚೆಗೆ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಕೊವೆಂಟ್ರಿಯಲ್ಲಿ ಇಂಜಿನಿಯರಿಂಗ್ ಓದಿದವಳು, ಅಪ್ಪ ಅಮ್ಮ ಬೆಂಗಳೂರಿನವರು. ಕನ್ನಡ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. "ಆಂಟಿ, ಕೆಲಸ ನಿಜವಾಗಿ ಹೇಗಿರುತ್ತೆ?" ಅಂತ ಕೇಳಿದಳು. ಎದುರಿಗೆ ಕೂತವಳಿಗೆ ಅರ್ಧ ಹೇಳಿ, ತಿಂಡಿ ಕೊಟ್ಟು ಕಳಿಸಿದೆ. ಉಳಿದ ಅರ್ಧ ಅವಳು ಹೋದ ಮೇಲೆ ನೆನಪಾಯಿತು. ಅದನ್ನು ಇಲ್ಲಿ ಬರೀತಿದ್ದೀನಿ, ಅವಳ ಅಮ್ಮ ಓದಿ ಹೇಳಲಿ.

ಮೊದಲು ಕೈ ವಿಷಯ. ಉಗುರು ಸಂದಿಯ ಗ್ರೀಸ್ ಯಾವ ಸೋಪಿಗೂ ಹೋಗಲ್ಲ ಕಣಮ್ಮ. ಮದುವೆ ಮನೆಗೆ ಹೋಗಬೇಕಾದಾಗ ನಾನು ಉಗುರು ಮುಚ್ಚೋ ಹಾಗೆ ಮದರಂಗಿ ಹಾಕಿಕೊಂಡು ಹೋಗಿದ್ದೀನಿ. ಚಳಿಗಾಲದಲ್ಲಿ ಸ್ಪ್ಯಾನರ್ ಮುಟ್ಟಿದರೆ ಮೂಳೆ ತನಕ ಚುರ್ ಅನ್ನುತ್ತೆ. ನಮ್ಮ ವರ್ಕ್‌ಶಾಪಿನಲ್ಲಿ ಒಂದೇ ಒಂದು ಹೀಟರ್ ಇತ್ತು, ಅದರ ಮುಂದೆ ಯಜಮಾನರ ನಾಯಿ ಮಲಗಿರುತ್ತಿತ್ತು. ಅದನ್ನು ಎಬ್ಬಿಸೋ ಅಧಿಕಾರ ಯಾರಿಗೂ ಇರಲಿಲ್ಲ. ಆಮೇಲೆ ಕೆಸರು. ಮೌಂಟನ್ ಬೈಕ್ ಅನ್ನೋ ಹೆಸರಲ್ಲಿ ಮೌಂಟನ್ ಏನೋ ಇದೆ, ಆದರೆ ಮೌಂಟನ್ ಹತ್ತಿ ಇಳಿದವರು ಮಜಾ ಮಾಡುತ್ತಾರೆ, ರಿಪೇರಿಯವರ ಪಾಲಿಗೆ ಬರೋದು ಕೆಸರು.

ನಾನು ಈ ಕೆಲಸಕ್ಕೆ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಗೇರ್ ತಯಾರಿಸೋ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದೆ. ನಮ್ಮ ಮನೆಯವರಿಗೆ ಶೆಫೀಲ್ಡಿನಲ್ಲಿ ಲೋಹ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಬಂದೆವು. ನನ್ನ ಡಿಪ್ಲೊಮಾ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ ಹಾಕೋ ಟಿಲ್ ಮುಂದೆ ಕೂತು ಬೀಪ್ ಬೀಪ್ ಮಾಡುತ್ತಿದ್ದೆ. ಬಸ್ಸು ಕಾದು ಕಾದು ಸಾಕಾಗಿ ಯಾರೋ ಓಡಿಸಿ ಬಿಟ್ಟ ಮೌಂಟನ್ ಬೈಕ್ ಒಂದನ್ನು ಕೊಂಡೆ. ಹಿಂದಿನ ಚಕ್ರ ಬೆಂಡಾಗಿತ್ತು. ನಮ್ಮ ಮನೆ ಕೆಳಗಿನ ರಸ್ತೆಯಲ್ಲಿದ್ದ ಅಂಗಡಿಗೆ ತಳ್ಳಿಕೊಂಡು ಹೋದೆ.

ಅಂಗಡಿ ಯಜಮಾನರ ಹೆಸರು ಮಾಲ್ಕಂ. ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಸೈಕಲ್ ಅಂಗಡಿ ಇಟ್ಟವರು, ದೊಡ್ಡ ಹೊಟ್ಟೆ, ಸಣ್ಣ ಮಾತು. ಅವರು ಬೇರೆ ಗಿರಾಕಿ ಜೊತೆ ಇದ್ದರು. ಸ್ಪೋಕ್ ತಿರುಗಿಸೋ ಕೀ ಮೇಜಿನ ಮೇಲೇ ಬಿದ್ದಿತ್ತು. ನನಗೆ ಸುಮ್ಮನೆ ನಿಲ್ಲೋಕೆ ಬರಲ್ಲ, ಹುಟ್ಟುಗುಣ. ನಾನೇ ಬೆಂಡು ತೆಗೆಯೋಕೆ ಶುರು ಮಾಡಿದೆ. ಮಾಲ್ಕಂ ಬಂದು ನಿಂತರು. "ನಿನಗೆ ಮುಟ್ಟು ಅಂದವರು ಯಾರು?" ಅಂದರು. ನಾನು ಕೀ ಕೆಳಗಿಟ್ಟೆ. ಚಕ್ರ ತಿರುಗಿಸಿ ನೋಡಿದರು. ಅರ್ಧ ಸರಿಯಾಗಿತ್ತು, ಇನ್ನರ್ಧ ಮೊದಲಿಗಿಂತ ಕೆಟ್ಟಿತ್ತು. "ಸೋಮವಾರ ಬಾ ಲವ್, ಉಳಿದರ್ಧ ಕಲಿಸ್ತೀನಿ" ಅಂದರು. ಶೆಫೀಲ್ಡಿನಲ್ಲಿ ಬಸ್ ಡ್ರೈವರಿನಿಂದ ಹಿಡಿದು ಡೆಂಟಿಸ್ಟ್ ತನಕ ಎಲ್ಲರೂ ಎಲ್ಲರಿಗೂ ಲವ್ ಅಂತಾರೆ, ಹೊಸದಾಗಿ ಬಂದವರು ಗಾಬರಿಯಾಗಬೇಡಿ.

ಮಾಲ್ಕಂ ಅವರದ್ದು ಒಂದೇ ಕಾನೂನು. ಗುಡ್ಡದ ಮೇಲೆ ಓಡಿಸದವರು ಗುಡ್ಡದ ಸೈಕಲ್ ಮುಟ್ಟಬಾರದು. ಮೊದಲನೇ ಭಾನುವಾರವೇ ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋದರು. ಹತ್ತುವಾಗ ಜೀವ ಬಾಯಿಗೆ ಬಂತು. ಇಳಿಯುವಾಗ ಮೊದಲನೇ ತಿರುವಿನಲ್ಲೇ ತುರಿಕೆ ಸೊಪ್ಪಿನ ಪೊದೆಗೆ ನೆಟ್ಟಗೆ ನುಗ್ಗಿದೆ. ಮೈಯೆಲ್ಲ ಉರಿ. ಮಾಲ್ಕಂ ನಗಲಿಲ್ಲ, ಪಕ್ಕದಲ್ಲೇ ಬೆಳೆದಿದ್ದ ಅಗಲ ಎಲೆ ಯಾವುದೋ ಕಿತ್ತು ಕೈಗೆ ಕೊಟ್ಟು, ಉಜ್ಜಿಕೋ ಅಂದರು. ಉಜ್ಜಿಕೊಂಡು ಮತ್ತೆ ಹತ್ತಿದೆ. ಆ ಸಲ ಕೆಳಗಿನ ಗೇಟಿನ ತನಕ ಬಂದೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಎದೆ ಡವಡವ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ನನ್ನಷ್ಟಕ್ಕೆ ನಾನು ಹಾಗೆ ಖುಷಿಪಟ್ಟಿದ್ದು ಅದೇ ಮೊದಲು. ಆ ಇಳಿಜಾರು ಈಗಲೂ ಕನಸಲ್ಲಿ ಬರುತ್ತೆ.

ತಪ್ಪು ಮಾಡದೆ ಯಾರೂ ಈ ಕೆಲಸ ಕಲಿಯಲ್ಲ. ಎಣ್ಣೆ ಒತ್ತಡದಿಂದ ನಡೆಯೋ ಬ್ರೇಕುಗಳು ಹೊಸದಾಗಿ ಬಂದಾಗ ಎಲ್ಲಕ್ಕೂ ಒಂದೇ ಎಣ್ಣೆ ಅಂದುಕೊಂಡು ತಪ್ಪು ಎಣ್ಣೆ ಹುಯ್ದೆ. ಒಳಗಿನ ರಬ್ಬರ್ ಉಬ್ಬಿ ಇಡೀ ಬ್ರೇಕೇ ಹಾಳಾಯಿತು. ಮಾಲ್ಕಂ ಕೂಗಾಡೋ ಮನುಷ್ಯ ಅಲ್ಲ. ಸಿಟ್ಟು ಬಂದರೆ ಎಲ್ಲರಿಗೂ ಟೀ ಮಾಡಿ ಕೊಟ್ಟು ನನಗೆ ಮಾತ್ರ ಕೊಡುತ್ತಿರಲಿಲ್ಲ. ಆ ವಾರ ಪೂರ್ತಿ ನಾನೇ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋದೆ.

ಕನ್ನಡದವರು ಅಂಗಡಿಯಲ್ಲಿದ್ದಾರೆ ಅಂತ ಸುದ್ದಿ ಹರಡಿದ ಮೇಲೆ ನಮ್ಮವರು ದೂರದಿಂದೆಲ್ಲ ಬರೋಕೆ ಶುರು ಮಾಡಿದರು. ಲೆಮಿಂಗ್ಟನ್‌ನಿಂದ ಪ್ರಶಾಂತ ಅಂತ ಒಬ್ಬ ಬರುತ್ತಿದ್ದ, ವಿಡಿಯೋ ಗೇಮ್ ಮಾಡೋ ಕಂಪನಿಯವನು. ಆಸೆಪಟ್ಟು ಒಳ್ಳೇ ಸೈಕಲ್ ತಗೊಂಡಿದ್ದ. ಚಕ್ರದಲ್ಲಿ ಏನೋ ಸದ್ದು ಅಂತ ತಂದ. ನೋಡಿದರೆ ಫ್ಯಾಕ್ಟರಿಯಲ್ಲಿ ಸುತ್ತಿದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇದೆ. ಸೀಟಿಗೆ, ಹ್ಯಾಂಡಲಿಗೆ, ಪಟ್ಟಿ ಪಟ್ಟಿಯಾಗಿ ಫ್ರೇಮಿಗೆ. "ಯಾಕಪ್ಪಾ ತೆಗೆದಿಲ್ಲ?" ಅಂದೆ. "ಹೊಸದಾಗೇ ಇರಲಿ ಅಂತ ಮೇಡಂ" ಅಂದ. ಒಳಗೆ ನೀರು ನಿಂತು, ಬೋಲ್ಟುಗಳೆಲ್ಲ ತುಕ್ಕು ಹಿಡಿದು, ಸೀಟಿನ ಕಂಬ ಕಚ್ಚಿಕೊಂಡುಬಿಟ್ಟಿತ್ತು. ಮಾಲ್ಕಂಗೆ ಇದನ್ನು ಹೇಗೆ ವಿವರಿಸಲಿ? ನಮ್ಮ ಮನೆಯಲ್ಲಿ ಟಿವಿ ರಿಮೋಟಿಗೂ ಪ್ಲಾಸ್ಟಿಕ್ ಕವರ್ ಇದೆ ಅಂತ ಹೇಳಿ ಸುಮ್ಮನಾದೆ.

ಸೈಕಲ್ ನೋಡಿದರೆ ಓಡಿಸಿದವರು ಎಲ್ಲಿ ಹೋಗಿದ್ದರು, ಹೇಗೆ ಹೋದರು ಅನ್ನೋದು ಗೊತ್ತಾಗುತ್ತೆ. ಇದನ್ನು ಯಾವ ಕೋರ್ಸಿನಲ್ಲೂ ಕಲಿಸಲ್ಲ, ಕೈಗೆ ತಾನಾಗೇ ಬರಬೇಕು. ಗುಡ್ಡದ ಮೇಲಿನ ಮಣ್ಣು ಕಾಡಿಗೆಯ ಹಾಗೆ ಕಪ್ಪು, ಆಚೆ ಸುಣ್ಣಕಲ್ಲಿನ ಕಡೆಯದ್ದು ದೋಸೆ ಹಿಟ್ಟಿನ ಹಾಗೆ ಬೆಳ್ಳಗೆ ಅಂಟುತ್ತೆ. ಧೈರ್ಯಸ್ಥರ ಬ್ರೇಕು ಕಡಿಮೆ ಸವೆದಿರುತ್ತೆ. ಹೆದರುವವರದ್ದು ತಿಂಗಳಿಗೇ ಮುಗಿದಿರುತ್ತೆ. ಬಾಯಲ್ಲಿ ಎಷ್ಟು ಬಡಾಯಿ ಕೊಚ್ಚಿದರೂ ಟೈರು ಎದುರಿಗೇ ಇರುತ್ತಲ್ಲ, ನಾವು ಹೂಂ ಅಂದುಕೊಂಡು ಕೆಲಸ ಮಾಡಬೇಕು.

ಈಗ ನಸ್ರೀನ್ ವಿಷಯ. ಬರೀಬೇಕು ಅಂತ ಕೂತದ್ದೇ ಇದಕ್ಕೆ ಅಂತ ಈಗ ಅನ್ನಿಸುತ್ತಿದೆ.

ಡಾಕ್ಟರ್ ನಸ್ರೀನ್ ಕಲಬುರಗಿಯವಳು. ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಅರಿವಳಿಕೆ ಕೊಡೋ ಡಾಕ್ಟರು, ಒಂಟಿಯಾಗಿ ಆಸ್ಪತ್ರೆಯ ಫ್ಲ್ಯಾಟಿನಲ್ಲಿ ಇದ್ದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಪಂಕ್ಚರ್ ಹಾಕಿಸೋಕೆ ಅಂಗಡಿಗೆ ಬಂದವಳು ನನ್ನ ಹೆಸರು ಕೇಳಿ, "ಅಯ್ಯೋ, ನೀವು ನಮ್ ಕಡೆಯವರಾ? ಇಷ್ಟೊತ್ತು ಇಂಗ್ಲಿಷಲ್ಲಿ ಒದ್ದಾಡಿಸಿದ್ರಲ್ಲ ಅಕ್ಕಾ" ಅಂದಳು. ನನ್ನ ಜೊತೆ ಮಾತಾಡುವಾಗ ಬೆಂಗಳೂರು ಕನ್ನಡ, ಬೈಯ್ಯುವಾಗ ಅವಳ ದಖ್ಖನಿ, ಗುಡ್ಡ ಇಳಿಯುವಾಗ ಎರಡೂ ಸೇರಿಸಿ. ಮುಂದಿನ ಭಾನುವಾರ ಬರ್ತೀಯಾ ಅಂದೆ. ಬಂದಳು. ಆಮೇಲೆ ಅವಳ ಡ್ಯೂಟಿ ರೋಟಾ ಬಿಟ್ಟುಕೊಟ್ಟ ಪ್ರತಿ ಭಾನುವಾರವೂ ಬಂದಳು. ಎಷ್ಟು ಭಾನುವಾರ ಅಂತ ಲೆಕ್ಕ ಇಟ್ಟವರು ಯಾರು.

ಲೇಡಿಬವರ್ ಕೆರೆಯ ಪಕ್ಕದಲ್ಲಿ ಕಾರು ನಿಲ್ಲಿಸಿ, ಗುಡ್ಡ ಹತ್ತಿ, ಮೇಲೆ ಗಾಳಿಗೆ ಬೆನ್ನು ಕೊಟ್ಟು ಕೂತು ಚಿತ್ರಾನ್ನ ತಿನ್ನುತ್ತಿದ್ದೆವು. ಆಸ್ಪತ್ರೆ ಸುದ್ದಿ, ಅಂಗಡಿ ಸುದ್ದಿ, ಊರಿನ ಸುದ್ದಿ. ಕುರಿಗಳು ಹತ್ತಿರ ಬಂದು ಡಬ್ಬಿ ಮೂಸುತ್ತಿದ್ದವು. ಇಳಿಯುವಾಗ ನಾನು ಮುಂದೆ, ಅವಳು ಹಿಂದೆ. "ಹೋಗು ಅಕ್ಕಾ ಹೋಗು, ಬ್ರೇಕ್ ಬಿಡು" ಅಂತ ಹಿಂದಿನಿಂದ ಕೂಗುತ್ತಿದ್ದಳು. ಗಂಡ ಮಕ್ಕಳು ಒಂದು ಕಡೆ ಇರಲಿ, ನನ್ನ ಜೀವನದಲ್ಲಿ ನನಗೆ ಅಂತ ಇದ್ದ ಸ್ನೇಹ ಅದೊಂದೇ.

ಆ ಹೊತ್ತಿಗೆ ಡಿಸ್ಕ್ ಬ್ರೇಕುಗಳು ಬಂದಿದ್ದವು. ಮೊದಲೆಲ್ಲ ಬ್ರೇಕಿನ ರಬ್ಬರು ಚಕ್ರದ ಅಂಚಿಗೇ ಒತ್ತುತ್ತಿತ್ತು. ಡಿಸ್ಕಿನಲ್ಲಿ ಚಕ್ರದ ನಡುವೆ ಒಂದು ಉಕ್ಕಿನ ತಟ್ಟೆ ಇರುತ್ತೆ, ಬ್ರೇಕು ಅದನ್ನು ಹಿಡಿಯುತ್ತೆ. ಕೆಸರಲ್ಲೂ ಗಟ್ಟಿಯಾಗಿ ಹಿಡಿಯುತ್ತೆ, ಆದರೆ ಆ ತಟ್ಟೆಗೆ ಒಂದು ತೊಟ್ಟು ಎಣ್ಣೆ ತಾಕಿದರೂ ಕೆಲಸ ಕೆಟ್ಟಂತೆ. ನಸ್ರೀನ್ ಡಿಸ್ಕ್ ಇರೋ ಹೊಸ ಸೈಕಲ್ ತಗೊಂಡಳು. ನಾನು ನನ್ನ ಹಳೇದನ್ನೇ ಇಟ್ಟುಕೊಂಡಿದ್ದೆ. ಅವಳ ಫ್ಲ್ಯಾಟಿನಲ್ಲಿ ಜಾಗ ಇರಲಿಲ್ಲ, ಎರಡೂ ಸೈಕಲ್ಲು ನಮ್ಮ ಮನೆ ಹಿಂದಿನ ಶೆಡ್ಡಿನಲ್ಲೇ ಇರುತ್ತಿದ್ದವು.

ಆ ವರ್ಷ ನಮ್ಮ ಅತ್ತೆ ಮೈಸೂರಿನಿಂದ ಬಂದಿದ್ದರು. ಎಪ್ಪತ್ತು ದಾಟಿದವರು, ಚುರುಕು ಜೀವ. ಆಯುಧ ಪೂಜೆ ದಿನ ನಾನು ಅಂಗಡಿಯಲ್ಲಿದ್ದೆ. ಅತ್ತೆ ಒಬ್ಬರೇ ಶೆಡ್ಡಿಗೆ ಹೋಗಿ, ಎರಡೂ ಸೈಕಲ್ ತೊಳೆದು, ಸೂಪರ್ ಮಾರ್ಕೆಟ್ಟಿನ ಸೇವಂತಿಗೆ ಏರಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿದ್ದಾರೆ. ಈ ಊರಿನ ಥಂಡಿಗೆ ಕುಂಕುಮ ನಿಲ್ಲಲಿಲ್ಲವಂತೆ. ಅಂಟಲಿ ಅಂತ ಒಂದಿಷ್ಟು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದಾರೆ. ಡಾಕ್ಟರ್ ಹುಡುಗಿಯ ಚಕ್ರದ ನಡುವೆ ಫಳಫಳ ಹೊಳೆಯೋ ತಟ್ಟೆ ಕಂಡಿದೆ. ಹಿಂದೊಂದು ಮುಂದೊಂದು, ಎರಡಕ್ಕೂ ಸುತ್ತ ಬೊಟ್ಟು ಇಟ್ಟಿದ್ದಾರೆ. ಮಾರನೇ ದಿನ, ಪರರ ವಸ್ತು ಕಲೆಯಾಗಬಾರದು ಅಂತ ಬಟ್ಟೆ ತಗೊಂಡು ಚೊಕ್ಕವಾಗಿ ಒರೆಸಿಯೂ ಇಟ್ಟರು. ಕುಂಕುಮ ಹೋಯಿತು, ಎಣ್ಣೆ ಉಳಿಯಿತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ನಾನು ಕಂಡದ್ದು ಹ್ಯಾಂಡಲ್ ಮೇಲಿನ ಹೂವು ಮಾತ್ರ, ಅದನ್ನು ನೋಡಿ ಖುಷಿಪಟ್ಟಿದ್ದೆ.

ಭಾನುವಾರ ಸೈಕಲ್‌ಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೋದೆವು. ಹತ್ತುವಾಗ ಬ್ರೇಕು ಯಾರಿಗೆ ಬೇಕು? ಮೇಲೆ ಕೂತು ತಿಂದೆವು. ಇಳಿಯುವಾಗ ನಾನು ಎಂದಿನ ಹಾಗೆ ಮುಂದೆ. ಅರ್ಧ ದಾರಿಯಲ್ಲಿ ಹಿಂದಿನಿಂದ "ಅಕ್ಕಾ, ಹಿಡೀತಿಲ್ಲ" ಅಂತ ಕೇಳಿಸಿತು. ನಾನು ಸರಿದೆ. ನನ್ನ ಪಕ್ಕದಲ್ಲೇ ಹಾದು ಹೋದಳು, ಎರಡೂ ಕೈಯಲ್ಲಿ ಬ್ರೇಕು ಹಿಸುಕಿ ಹಿಡಿದಿದ್ದಾಳೆ, ಮುಖ ಸುಣ್ಣದ ಹಾಗೆ. ತಿರುವಿನಲ್ಲಿದ್ದ ಕಲ್ಲುಗೋಡೆಗೆ ಹೋಗಿ ಹೊಡೆದಳು. ಕೊರಳ ಪಕ್ಕದ ಮೂಳೆ ಮುರಿಯಿತು, ಬಲಗೈ ಮಣಿಕಟ್ಟೂ ಮುರಿಯಿತು. ಅವಳದ್ದೇ ಆಸ್ಪತ್ರೆಗೆ ಅವಳನ್ನೇ ಕರೆದುಕೊಂಡು ಹೋದರು.

ಮಾರನೇ ದಿನ ಸೈಕಲ್ ಅಂಗಡಿಗೆ ಒಯ್ದೆ. ಅದೇ ವಾರ, ಹಬ್ಬದ ಹಿಂದಿನ ದಿನ ನಾನೇ ಆ ಬ್ರೇಕು ನೋಡಿ ಬಿಗಿ ಮಾಡಿದ್ದೆ, ಹಾಗಾಗಿ ಏನೂ ತೋಚಲಿಲ್ಲ. ಮಾಲ್ಕಂ ಆ ತಟ್ಟೆಗೆ ಒತ್ತೋ ಪ್ಯಾಡು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಮತ್ತೊಮ್ಮೆ ಮೂಸಿದರು. "ಅಕ್ಟೋಬರಿನಲ್ಲಿ ಬ್ರೇಕಿಗೆ ಸನ್ ಕ್ರೀಮ್ ಹಚ್ಚಿದವರು ಯಾರು?" ಅಂದರು. ನನ್ನ ಕೈಗೆ ಕೊಟ್ಟರು. ಕೊಬ್ಬರಿ ಎಣ್ಣೆ. ನಮ್ಮ ಮನೆಯ ಬಚ್ಚಲಿನ ವಾಸನೆ, ಅತ್ತೆಯ ತಲೆಯ ವಾಸನೆ. ಹೀಟರ್ ಮುಂದೆ ನಾಯಿಯ ಪಕ್ಕದಲ್ಲೇ ಕೂತುಬಿಟ್ಟೆ. ಆ ದಿನ ಮಾಲ್ಕಂ ನನಗೆ ಟೀ ಮಾಡಿಕೊಟ್ಟರು.

ಸಂಜೆ ವಾರ್ಡಿಗೆ ಹೋಗಿ ನಸ್ರೀನ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮೊದಲು ನಕ್ಕಳು. ನಕ್ಕರೆ ಭುಜ ನೋಯುತ್ತೆ ಅಂತ ನಿಲ್ಲಿಸಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು, "ಅಮ್ಮನಿಗೆ ಗೊತ್ತಾಗಬಾರದು ಅಕ್ಕಾ. ನನ್ನಾಣೆ. ಈ ವಯಸ್ಸಲ್ಲಿ ಇದು ಕೇಳಿದ್ರೆ ಅವರು ಊಟ ಬಿಡ್ತಾರೆ." ನಮ್ಮತ್ತೆಯನ್ನು ಅವಳು ಅಮ್ಮ ಅಂತಲೇ ಕರೆಯುತ್ತಿದ್ದಳು. ನಾನು ಆಯಿತು ಅಂದೆ.

ಆಸ್ಪತ್ರೆಯಿಂದ ನಮ್ಮ ಮನೆಗೇ ಬಂದಳು. ಬಲಗೈ ಪ್ಲಾಸ್ಟರಿನಲ್ಲಿ, ಒಂಟಿ ಹೆಣ್ಣು, ಇನ್ನೆಲ್ಲಿ ಹೋಗಬೇಕು. ಅತ್ತೆ ಅವಳ ತಲೆ ಬಾಚಿದರು, ಸಾರನ್ನ ಕಲಸಿ ಚಮಚದಲ್ಲಿ ತಿನ್ನಿಸಿದರು. ಒಂದು ದಿನ ಜಡೆ ಹಾಕುತ್ತಾ, "ನನ್ನ ಪೂಜೆಯಲ್ಲೇ ಏನಾದರೂ ಲೋಪ ಆಯ್ತೇನೋ ಮಗಾ. ಮಾಡಿ ವಾರ ತುಂಬಿರಲಿಲ್ಲ, ಹೀಗಾಯ್ತು" ಅಂದರು. ನಾನು ಒಲೆಯ ಕಡೆ ತಿರುಗಿಕೊಂಡೆ. ನಸ್ರೀನ್ ತಡಮಾಡದೆ ಅಂದಳು, "ಇಲ್ಲಮ್ಮ. ತಲೆಗೆ ಬರಬೇಕಾಗಿದ್ದು ಭುಜಕ್ಕೆ ಹೋಯ್ತು. ನೀವು ಪೂಜೆ ಮಾಡಿದ್ದಕ್ಕೇ ಉಳಿದೆ."

"ಹೌದಾ? ಹಾಗಾದರೆ ಮತ್ತೆ ಸೈಕಲ್ ಹತ್ತಬೇಕು ನೀನು. ನೀನು ಹತ್ತಿದರೇ ನನಗೆ ನಂಬಿಕೆ."

"ಹತ್ತೀನಮ್ಮ" ಅಂದಳು.

ಅತ್ತೆ ಮೈಸೂರಿಗೆ ಹೋದ ಮೇಲೆ ಪ್ರತಿ ವಾರ ಫೋನು. ಮಗನ ಬಿಪಿ ಕೇಳುವ ಮೊದಲು, "ಆ ಹುಡುಗಿ ಸೈಕಲ್ ಹೊಡೀತಾಳಾ?" ಅಂತ ಕೇಳೋರು. ನಾನು ಹೊಡೀತಾಳೆ ಅನ್ನುತ್ತಿದ್ದೆ. ನಸ್ರೀನ್ ನಮ್ಮ ಮನೆಯಲ್ಲಿದ್ದರೆ ಅವಳೇ ಫೋನ್ ಕಿತ್ತುಕೊಂಡು, ಹೋದ ವಾರ ಅಲ್ಲಿಗೆ ಹೋಗಿದ್ದೆವು, ಇಲ್ಲಿಗೆ ಹೋಗಿದ್ದೆವು ಅಂತ ಕಟ್ಟಿ ಹೇಳುತ್ತಿದ್ದಳು.

ಹೋಗಿರಲಿಲ್ಲ. ಕೈ ಕೂಡಿದ ಮೇಲೆ, ನಾನು ರಿಪೇರಿ ಮಾಡಿಟ್ಟ ಸೈಕಲ್ಲನ್ನು ತಾನು ಹೊಸದಾಗಿ ಹಿಡಿದ ಫ್ಲ್ಯಾಟಿಗೆ ಒಯ್ದಳು. ಪ್ರತಿ ವರ್ಷ ಹಿಮ ಕರಗಿದ ಮೇಲೆ ಸರ್ವಿಸಿಗೆ ಅಂತ ಅಂಗಡಿಗೆ ತರುತ್ತಿದ್ದಳು. "ಓಡಿಸ್ತಾ ಇರ್ತೀನಿ ಅಕ್ಕಾ, ಹೊಳೆ ಪಕ್ಕದ ದಾರೀಲಿ. ಬೇಸಿಗೆ ಬರಲಿ, ಗುಡ್ಡಕ್ಕೆ ಹೋಗೋಣ." ನಾನು ಹೂಂ ಅಂದು ಸ್ಟ್ಯಾಂಡಿಗೆ ಏರಿಸುತ್ತಿದ್ದೆ. ಹೊಸ ಟೈರಿನ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲಿರುತ್ತೆ, ನಾಲ್ಕು ದಿನ ಓಡಿಸಿದರೆ ಉದುರಿ ಹೋಗುತ್ತೆ. ನಾನೇ ಹಾಕಿಕೊಟ್ಟ ಟೈರು, ಎರಡು ವರ್ಷ ಆದರೂ ಕೂದಲು ಹಾಗೇ ಇತ್ತು. ಚೈನಿಗೆ ಹಚ್ಚಿದ್ದ ಎಣ್ಣೆ ಅಲ್ಲೇ ಒಣಗಿ ಅಂಟಾಗಿತ್ತು. ಎಲ್ಲೂ ಒಂದು ಚೂರು ಕೆಸರಿಲ್ಲ. ಸರ್ವಿಸ್ ಮಾಡೋಕೆ ಏನೂ ಇರದ ಸೈಕಲ್ಲನ್ನು ಮಧ್ಯಾಹ್ನ ಪೂರ್ತಿ ಇಟ್ಟುಕೊಂಡು ಒರೆಸಿ ಒರೆಸಿ ಕೊಡುತ್ತಿದ್ದೆ. ಅವಳು ಆ ಹೊತ್ತಷ್ಟೂ ಪಕ್ಕದ ಸ್ಟೂಲಿನಲ್ಲಿ ಕೂತು ಮಾತಾಡುತ್ತಿದ್ದಳು. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ಮುಂದಿನ ವರ್ಷ ಬರದೇ ಇದ್ದರೆ ಅಂತ ಭಯ.

ಭಾನುವಾರ ಒಬ್ಬಳೇ ಹೋಗುತ್ತಿದ್ದೆ. ಮೇಲೆ ಕೂತು ತಿನ್ನೋಕೆ ಮನಸ್ಸಾಗದೆ ಡಬ್ಬಿ ಹಾಗೇ ವಾಪಸ್ ತಂದದ್ದುಂಟು. ಮಾಲ್ಕಂ ಒಂದೆರಡು ಸಲ ಜೊತೆಗೆ ಬಂದರು. ಒಳ್ಳೆಯವರು, ಆದರೆ ಮಾತಾಡಲ್ಲವಲ್ಲ. ನನಗೆ ಬೇಕಿದ್ದವಳು ನಸ್ರೀನ್. ಬೈಯ್ಯೋಕೆ, ಬೈಸಿಕೊಳ್ಳೋಕೆ, ಇಳಿಜಾರಿನಲ್ಲಿ ನನ್ನನ್ನು ಹುರಿದುಂಬಿಸೋಕೆ. ಮನುಷ್ಯರು ಇದೇ ಊರಿನಲ್ಲಿದ್ದು, ವಾರಕ್ಕೊಮ್ಮೆ ಮನೆಗೆ ಬಂದು ಊಟ ಮಾಡಿ ಹೋಗುತ್ತಿದ್ದರೂ ಅವರಿಗಾಗಿ ಹಂಬಲಿಸಬಹುದು ಅಂತ ಆ ವರ್ಷಗಳಲ್ಲಿ ತಿಳಿಯಿತು.

ಅಷ್ಟರಲ್ಲಿ ಅಂಗಡಿಯೂ ಬದಲಾಯಿತು. ಗಿರಾಕಿಗಳು ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದು ನಮಗೇ ರೋಗ ಯಾವುದು, ಔಷಧಿ ಯಾವುದು ಅಂತ ಹೇಳೋಕೆ ಶುರು ಮಾಡಿದರು. ಮಾಲ್ಕಂ ಅಂಗಡಿ ಮಾರಿ ಮನೆಯಲ್ಲಿ ಕೂತರು. ಹೊಸ ಯಜಮಾನರು ಕಂಪ್ಯೂಟರ್ ತಂದರು, ಒಂದೊಂದು ಕೆಲಸಕ್ಕೆ ಇಷ್ಟಿಷ್ಟು ಹೊತ್ತು ಅಂತ ಅದರಲ್ಲಿ ಕೂಡಿಸಿದರು. ಹೀಟರ್ ಎರಡಾಯಿತು, ನಾಯಿ ಇಲ್ಲ. ನಮ್ಮವರಿಗೆ ಮಾತ್ರ ನಾನು ಪ್ರತಿ ದಸರಾ ಮುಂಚೆ ಫೋನ್ ಮಾಡಿ, ಕುಂಕುಮ ಹ್ಯಾಂಡಲಿಗೆ ಇಡಿ, ಡಿಸ್ಕ್ ಕಡೆ ಕಣ್ಣು ಕೂಡ ಹಾಕಬೇಡಿ ಅಂತ ಹೇಳುತ್ತಿದ್ದೆ. ಪ್ರಶಾಂತ ಒಂದು ಸಲ, "ಮೇಡಂ, ಇದು ಯಾವ ಶಾಸ್ತ್ರದಲ್ಲಿದೆ?" ಅಂತ ಕಿಚಾಯಿಸಿದ. ನನ್ನ ಶಾಸ್ತ್ರ ಕಣಪ್ಪಾ ಅಂದೆ.

ಅತ್ತೆ ಎರಡನೇ ಸಲ ಬಂದದ್ದು ನಸ್ರೀನ್ ಬಿದ್ದು ಐದಾರು ವರ್ಷಕ್ಕೆ, ಒಂದು ಬೇಸಿಗೆಯಲ್ಲಿ. ಮೈ ಇಳಿದಿತ್ತು, ಕೋಲು ಬಂದಿತ್ತು. ಇದೇ ಕೊನೇ ಸಲ ಅಂತ ಅವರೇ ಹೇಳಿಕೊಂಡು ಬಂದಿದ್ದರು. ನಸ್ರೀನ್ ನೋಡೋಕೆ ಬಂದಳು. ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡು ಅಂಗೈ ಸವರಿದರು. "ಆಗ ನಿನ್ನ ಕೈ ಹ್ಯಾಂಡಲ್ ಹಿಡಿದು ದಡ್ಡುಗಟ್ಟಿತ್ತು. ಈಗ ಬೆಣ್ಣೆ ಹಾಗಿದೆಯಲ್ಲೇ" ಅಂದರು. ನಸ್ರೀನ್ ಗ್ಲೌಸು ಅದೂ ಇದೂ ಅಂತ ಏನೋ ಹೇಳಿದಳು. ಅತ್ತೆ ತಲೆ ಆಡಿಸಿದರು. ಊಟ ಆದ ಮೇಲೆ, "ನಾನು ಹೋಗೋದರೊಳಗೆ ಒಂದು ಸಲ ನೀನು ಸೈಕಲ್ ಹತ್ತೋದು ಕಣ್ಣಾರೆ ನೋಡಬೇಕು ಮಗಾ. ಇಲ್ಲದಿದ್ದರೆ ನನ್ನ ಕೈಯಾರೆ ಏನೋ ಕೆಟ್ಟದಾಯಿತು ಅಂತ ಕೊರೆಯುತ್ತಲೇ ಇರುತ್ತೆ" ಅಂದರು.

ಶನಿವಾರ ಸೈಕಲ್ ತಂದಳು. ನಮ್ಮ ರಸ್ತೆ ಸಪಾಟು, ಆ ಕಡೆ ಮುಚ್ಚಿಕೊಂಡಿದೆ, ಕಾರುಗಳ ಓಡಾಟ ಇಲ್ಲ. ಅತ್ತೆ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಶಾಲು ಹೊದ್ದು ಕೂತರು. ನಸ್ರೀನ್ ಹೆಲ್ಮೆಟ್ ಹಾಕಿಕೊಂಡಳು, ಬಕಲ್ ನಾನೇ ಹಾಕಿದೆ. ಗಲ್ಲದ ಕೆಳಗೆ ಬೆವರು. "ಬೇಡ ಬಿಡು, ಸೊಂಟ ನೋವು ಅಂತ ಹೇಳ್ತೀನಿ" ಅಂದೆ ಮೆಲ್ಲಗೆ. "ನಕ್ಕೋ ಅಕ್ಕಾ, ನೀನು ಸುಮ್ನಿರು" ಅಂದಳು, ಅವಳ ದಖ್ಖನಿಯಲ್ಲಿ ನಕ್ಕೋ ಅಂದರೆ ಬೇಡ. ಹತ್ತಿದಳು. ಒಂದು ಸಲ ವಾಲಿದಳು. ಎರಡೂ ಬ್ರೇಕು ಹಿಡಿದುಕೊಂಡೇ ಪೆಡಲ್ ತುಳಿದಳು. ರಸ್ತೆ ಕೊನೆ ತನಕ ಹೋಗಿ, ಅಲ್ಲಿ ಇಳಿದು ಸೈಕಲ್ ತಿರುಗಿಸಿಕೊಂಡು, ಮತ್ತೆ ಹತ್ತಿ ಬಂದಳು. ಅತ್ತೆ ಕೋಲು ಬಿಟ್ಟು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು. ಕಣ್ಣು ಒರೆಸಿಕೊಂಡು, ಕಾಫಿ ಇಡ್ತೀನಿ ಅಂತ ತಾವೇ ಒಳಗೆ ಹೋದರು.

ನಸ್ರೀನ್ ಸೈಕಲ್ಲನ್ನು ನನ್ನ ಕೈಗೆ ಕೊಟ್ಟಳು. "ಆಯ್ತು ಅಕ್ಕಾ. ಇನ್ನು ಇದನ್ನ ಮಾರಿಬಿಡು" ಅಂದಳು.

ಇಷ್ಟು ವರ್ಷ ತಡೆದುಕೊಂಡದ್ದು ಆಗ ಬಾಯಿಗೆ ಬಂತು. "ಒಂದೇ ಒಂದು ಸಲ ಗುಡ್ಡಕ್ಕೆ ಬಾರೇ. ನಿಧಾನ ಹೋಗೋಣ. ನೀನಿಲ್ಲದೆ ನನಗೆ ಆಗ್ತಿಲ್ಲ ಕಣೇ" ಅಂತ ಬೇಡಿಕೊಂಡೆ.

"ಅಮ್ಮನಿಗೋಸ್ಕರ ರಸ್ತೆ ಕೊನೆ ತನಕ ಹೋದೆ ಅಕ್ಕಾ. ನಿನಗೋಸ್ಕರ ಗುಡ್ಡದ ತನಕ ಬರಬೇಕು ಅಂತ ಪ್ರತಿ ವರ್ಷ ಅಂದ್ಕೊಂಡೇ ಸೈಕಲ್ ತರ್ತಿದ್ದೆ. ಇಳಿಜಾರು ನೆನೆಸಿಕೊಂಡ್ರೆ ಕೈ ತಣ್ಣಗಾಗುತ್ತೆ. ಆಸೆ ಇದೆ. ಭಯ ಅದಕ್ಕಿಂತ ದೊಡ್ಡದಿದೆ."

"ನೀನು ಓಡಿಸ್ತಿಲ್ಲ ಅಂತ ನನಗೆ ಗೊತ್ತಿತ್ತು."

"ನಿನಗೆ ಗೊತ್ತಿದೆ ಅಂತ ನನಗೂ ಗೊತ್ತಿತ್ತು. ಅದಕ್ಕೇ ಅಲ್ವಾ ನಾನು ಸ್ಟೂಲ್ ಬಿಟ್ಟು ಏಳ್ತಾ ಇರಲಿಲ್ಲ" ಅಂದಳು.

ಒಳಗಿನಿಂದ ಅತ್ತೆ ಕೂಗಿದರು. "ನಾಳೆ ಭಾನುವಾರ ಅಲ್ವೇನ್ರೇ? ಇಬ್ಬರೂ ಗುಡ್ಡಕ್ಕೆ ಹೋಗಿಬನ್ನಿ, ನಾನು ಚಿತ್ರಾನ್ನ ಮಾಡಿಕೊಡ್ತೀನಿ." ನಾವು ಮುಖ ಮುಖ ನೋಡಿಕೊಂಡೆವು. ಇಲ್ಲ ಅನ್ನೋ ಹಾಗಿರಲಿಲ್ಲ.

ಬೆಳಿಗ್ಗೆ ಎದ್ದು ಅತ್ತೆ ಒಗ್ಗರಣೆ ಹಾಕಿ ಇಬ್ಬರಿಗೂ ಡಬ್ಬಿ ಕಟ್ಟಿದರು, ಬಾಗಿಲ ತನಕ ಬಂದು ಕಳಿಸಿದರು. ಸೈಕಲ್‌ಗಳನ್ನು ಕಾರಿನ ಹಿಂದೆ ಕಟ್ಟಿಕೊಂಡು ಲೇಡಿಬವರ್‌ಗೆ ಹೋದೆವು. ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಒಳಗೇ ಕೂತು ತಿಂದೆವು. ಗಾಜಿನಾಚೆ ಹುಡುಗ ಹುಡುಗಿಯರು ಸೈಕಲ್ ಇಳಿಸಿಕೊಂಡು ಹ್ಯಾಂಡಲ್ ಬಿಗಿ ಮಾಡಿಕೊಂಡು ಹತ್ತಿ ಹೋಗುತ್ತಿದ್ದರು. ನಸ್ರೀನ್ ನೋಡುತ್ತಲೇ ಇದ್ದಳು. ನೀನು ಹೋಗಿ ಬಾ ಅಕ್ಕಾ, ನಾನು ಕಾಯ್ತೀನಿ ಅಂದಳು. ಬೇಡ ಅಂದೆ. ಗುಡ್ಡ ಹತ್ತಿ ಇಳಿಯೋಕೆ ಬೇಕಾಗುವಷ್ಟು ಹೊತ್ತು ಕೂತು ಮಾತಾಡಿದೆವು, ಆಸ್ಪತ್ರೆ ಸುದ್ದಿ, ಊರಿನ ಸುದ್ದಿ.

ಹೊರಡುವಾಗ ಅವಳಿಗೇ ಹೊಳೆಯಿತು. "ಅಮ್ಮ ಚಕ್ರ ನೋಡೇ ನೋಡ್ತಾರೆ" ಅಂದಳು. ಇಬ್ಬರೂ ಇಳಿದು ದಾರಿ ಪಕ್ಕದ ಹಳ್ಳದಿಂದ ಬೊಗಸೆಯಲ್ಲಿ ಕಪ್ಪು ಮಣ್ಣು ತಗೊಂಡು ಟೈರಿಗೆ, ಫ್ರೇಮಿಗೆ ಬಳಿದೆವು. ಅವಳ ಪ್ಯಾಂಟಿಗೂ ನಾನು ಎರಡು ಹಿಡಿ ಎರಚಿದೆ. ಅವಳು ನನ್ನ ಮುಖಕ್ಕೆ ಎರಚಿದಳು. ದಾರಿಹೋಕರೊಬ್ಬರು ನಿಂತು, ಎಲ್ಲ ಸರಿಯಾಗಿದೆಯಾ ಲವ್ ಅಂತ ಕೇಳಿದರು. ಸರಿಯಾಗಿದೆ ಅಂದಳು, ನಗುತ್ತಾ ನಗುತ್ತಾ ಅತ್ತುಬಿಟ್ಟಳು, ನಾನೂ ಅತ್ತುಬಿಟ್ಟೆ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕೆಸರು ನೋಡಿ ಮುಖ ಅರಳಿತು. "ಹೇಗಿತ್ತು?" ಅಂದರು.

"ಚೆನ್ನಾಗಿತ್ತಮ್ಮ" ಅಂದಳು ನಸ್ರೀನ್. ಅತ್ತೆ ಅವಳನ್ನು ಒಳಗೆ ಕರೆದುಕೊಂಡು ಹೋದರು, ಬಿಸಿನೀರು ಕಾದಿದೆ ಮಗಾ ಅನ್ನುತ್ತಾ. ನಾನು ಅವಳ ಸೈಕಲ್ಲನ್ನು ಹಿತ್ತಲಿನ ನಲ್ಲಿಗೆ ತಳ್ಳಿಕೊಂಡು ಹೋದೆ. ಮಾರೋದಾದರೆ ತೊಳೆಯಲೇಬೇಕಲ್ಲ. ಆ ಗುಡ್ಡದ ಮಣ್ಣನ್ನು ಅವಳ ಚಕ್ರದಿಂದ ತೊಳೆದು ಎಷ್ಟು ವರ್ಷ ಆಗಿತ್ತು. ಪೈಪಿನ ನೀರು ಸಣ್ಣಗೆ ಬಿಟ್ಟುಕೊಂಡು ಕೂತೆ, ಬೇಗ ಮುಗಿಸೋಕೆ ಮನಸ್ಸೇ ಬರಲಿಲ್ಲ.